ಏರಿನಲ್ಲಿ ನಿಂತ ಬಿಳಿ ಪಿಕಪ್

ಶಫೀಕ್ ರಸ್ತೆಯಲ್ಲಿ ಸತ್ತು ಬಿದ್ದಿದ್ದನ್ನು ಮೊದಲು ನೋಡಿದವರು ದೇವಕಿಯಮ್ಮ. ಬೆಳಗ್ಗೆ ಏಳೂವರೆ. ಆಲಂಕಾರಿನ ಹತ್ತಿರದ ಏರಿನ ತಿರುವು. ಬೇಕರಿ ತಿಂಡಿಯ ಪೊಟ್ಟಣಗಳು ಚರಂಡಿ ತುಂಬ ಚೆಲ್ಲಿದ್ದವು. ಸ್ಕೂಟರ್ ಮೋರಿಗೆ ಒರಗಿ ಬಿದ್ದಿತ್ತು. ಡಿಕ್ಕಿ ಹೊಡೆದ ಗಾಡಿ ಪರಾರಿ. ಅವನ ಪಕ್ಕದಲ್ಲಿ ಒಂದು ತಗಡಿನ ಚೂರು: ಮೇಲೆ ಬಿಳಿ ಬಣ್ಣ, ಅದರಡಿಯಲ್ಲಿ ನೀಲಿ. ಇಪ್ಪತ್ತು ಹೆಜ್ಜೆ ಮುಂದೆ ಒಂದು ಖಾಲಿ ನೀರಿನ ಬಾಟಲಿ, ಅದರ ಸುತ್ತ ಒದ್ದೆ ಡಾಮರು.

ದೇವಕಿಯಮ್ಮನ ಮನೆ ರಸ್ತೆಯಿಂದ ಅರವತ್ತು ಮೆಟ್ಟಿಲು ಮೇಲೆ. ಮೊಣಕಾಲು ನೋವಿನಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಅವರ ಕಿವಿ ಚುರುಕು.

"ದೊಡ್ಡ ಶಬ್ದ ಆಯ್ತು. 'ನೀರು, ನೀರು' ಅಂತ ಕೂಗಿದ ಪಾಪ," ಎಂದರು ರಮ್ಲತ್ ಹತ್ತಿರ. "ಗಾಡಿ ಆಫ್ ಆಗಿತ್ತು. ಐದಾರು ಸಲ ಸ್ಟಾರ್ಟ್ ಮಾಡಿದ, ಹಿಡೀಲಿಲ್ಲ. ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಮತ್ತೆ ಒಂದೇ ಸಲಕ್ಕೆ ಹಿಡಿದು ಹೋಯ್ತು. ಡೀಸೆಲ್ ಗಾಡಿ, ಪಿಕಪ್ಪಿನ ಶಬ್ದ, ಅದು ಖಂಡಿತ. ನೀರಾದ್ರೂ ಕೊಟ್ಟು ಹೋದನಲ್ಲ ಮಗಾ."

ರಮ್ಲತ್ ಸತ್ತವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವುದು ಅವಳ ಕಸುಬು. ಎರಡು ತಿಂಗಳಾದರೂ ಗಾಡಿ ಸಿಗಲಿಲ್ಲ, ಅವಳ ಹೊಟ್ಟೆಯ ಬೆಂಕಿ ಆರಲಿಲ್ಲ. ಹೊಡೆದವನಿಗೆ ಶಾಪ ಹಾಕಲು ಬಾಯಿ ತೆರೆದಾಗಲೆಲ್ಲ ಆ ನೀರಿನ ಬಾಟಲಿ ಅಡ್ಡ ಬರುತ್ತಿತ್ತು.

ಹೊಡೆದವನು ಗಾಡಿ ಇಟ್ಟುಕೊಳ್ಳುವುದಿಲ್ಲ, ಮಾರುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಪೊಲೀಸರ ಮುಂದೆ ಬಾಯಿ ಮುಚ್ಚುವವನು ಗಿರಾಕಿ ಕೇಳಿದರೆ ಬಾನೆಟ್ಟನ್ನೇ ಎತ್ತಿ ತೋರಿಸುತ್ತಾನೆ. ಪುತ್ತೂರಿನ ಡೀಸೆಲ್ ಮೆಕ್ಯಾನಿಕ್ ರಾಮಪ್ರಸಾದನನ್ನು ಜೊತೆಗೆ ಕರೆದುಕೊಂಡು ಅವಳು ಗಿರಾಕಿಯಾದಳು.

*

ಪಂಜದಲ್ಲಿ ಒಂದು ಬಿಳಿ ಪಿಕಪ್ ಸಿಕ್ಕಿತು. ಮಾಲಕ ಸಂಪ್ರೀತ್. ಎಡಗಡೆಯ ಲೈಟು ಹೊಸತು. ಬೆಳಗ್ಗಿನ ತಣ್ಣಗಿನ ಎಂಜಿನ್ ಎಷ್ಟು ತಿರುಗಿಸಿದರೂ ಹಿಡಿಯಲಿಲ್ಲ. ರಮ್ಲತ್ ಲೈಟಿನ ಹತ್ತಿರ ಬಾಗಿದಳು.

"ಲೈಟಿಗೆ ಎಂತ ಆದದ್ದು?"

"ಹಂದಿ ಅಡ್ಡ ಬಂತು ಮಾರಾಯ್ರೆ."

ರಾಮಪ್ರಸಾದ ಬಾಗಿಲಿನ ರಬ್ಬರ್ ಎಳೆದು ನೋಡಿದ. ಮರುಬಣ್ಣ ಹೊಡೆಯುವವರು ಅದರಡಿಗೆ ಕೈ ಹಾಕುವುದಿಲ್ಲ. ಗಾಡಿಯ ಹುಟ್ಟುಬಣ್ಣ ಅಲ್ಲೇ ಉಳಿದಿರುತ್ತದೆ. ಅಲ್ಲಿಯೂ ಬಿಳಿ.

"ಇದಲ್ಲ ರಮ್ಲತಕ್ಕ," ಎಂದ. ಅವಳು ಹಂದಿಯನ್ನು ನಂಬಿ ಮನೆಗೆ ಹೋದಳು.

*

ಕಡಬದಲ್ಲಿ ಹಳೆ ಗಾಡಿ ಮಾರುವ ಶಾನವಾಝ್ ಮಾತಿನ ಮಲ್ಲ.

"ಬಾನೆಟ್ ಮುಟ್ಟಿ ನೋಡಿ ಮೇಡಂ, ತಣ್ಣಗೆ ಉಂಟು. ಗಿರಾಕಿ ಬರುವ ಮೊದಲೇ ಬಿಸಿ ಮಾಡಿ ಇಡುದು, ಮೋಸ ಮಾಡುದು ನಮ್ಮಲ್ಲಿಲ್ಲ."

ಅವನ ಬಿಳಿ ಪಿಕಪ್ ಒಂದೇ ಸಲಕ್ಕೆ ಹಿಡಿಯಿತು. ಕಪ್ಪು ಹೊಗೆಯಿಲ್ಲ. ಆಯಿಲ್ ಮುಚ್ಚಳ ತೆಗೆದರೂ ಹೊಗೆ ನುಗ್ಗಲಿಲ್ಲ. ರಮ್ಲತ್ ಬಾಗಿಲಿನ ರಬ್ಬರ್ ಎಳೆದಳು.

ನೀಲಿ.

"ಬಣ್ಣ ಸರಿ ಉಂಟು," ರಾಮಪ್ರಸಾದ ಪಿಸುಗುಟ್ಟಿದ. "ಆದ್ರೆ ಸ್ಟಾರ್ಟಿಂಗ್ ಚಂದ ಉಂಟಲ್ಲ? ದೇವಕಿಯಮ್ಮ ಹೇಳಿದ ಗಾಡಿ ಹಿಡೀಲೇ ಇಲ್ಲ."

"ಅವತ್ತು ಏರು ಹತ್ತಿ ಬಂದ ಗಾಡಿ ಪ್ರಸಾದಣ್ಣ. ತಣ್ಣಗೆ ಇತ್ತಾ?"

ರಾಮಪ್ರಸಾದ ಹಣೆ ಬಡಿದುಕೊಂಡ. ಹಳೆ ಡೀಸೆಲ್ ಗಾಡಿಯನ್ನು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ನೋಡಬೇಕೆಂದು ಎಲ್ಲರಿಗೂ ಗೊತ್ತು. ಬಿಸಿ ಎಂಜಿನನ್ನು ನಿಲ್ಲಿಸಿ ಮತ್ತೊಮ್ಮೆ ಸ್ಟಾರ್ಟ್ ಮಾಡಿಸುವ ತಾಳ್ಮೆ ಯಾರಿಗೂ ಇಲ್ಲ. ಮೂವತ್ತು ವರ್ಷ ಸ್ಪಾನರ್ ಹಿಡಿದವನೂ ಅಲ್ಲೇ ಎಡವಿದ್ದ.

"ಮನೆಯಲ್ಲಿ ಒಂದು ಮಾತು ಹೇಳ್ತೇನೆ," ಎಂದು ರಮ್ಲತ್ ಫೋನ್ ಹಿಡಿದು ದೂರ ಹೋದಳು. ಫೋನ್ ಹೋದದ್ದು ಶಫೀಕ್‌ನ ಕೇಸು ನೋಡುತ್ತಿದ್ದ ಸಬ್ ಇನ್ಸ್‌ಪೆಕ್ಟರ್ ಚಿನ್ಮಯೀಗೆ.

ತಿರುಗಿ ಬಂದು ಹೇಳಿದಳು, "ಏರಿನಲ್ಲಿ ಎಳೀತದಾ ನೋಡ್ಬೇಕು. ಆಲಂಕಾರಿಗೆ ಹೋಗುವ."

"ಆ ಕಡೆ ಬೇಡ ಮೇಡಂ. ಸುಬ್ರಹ್ಮಣ್ಯ ರೋಡು ಚಂದ ಉಂಟು."

"ಚಂದದ ರೋಡಲ್ಲಿ ಎಲ್ಲ ಗಾಡಿಯೂ ಎಳೀತದೆ. ನಾನು ಬಿರಿಯಾನಿ ಹೇರಿಕೊಂಡು ಹೋಗುದು ಆಲಂಕಾರಿಗೆ."

ಗಿರಾಕಿ ಕೈತಪ್ಪುವುದು ಶಾನವಾಝ್‌ಗೆ ಬೇಡವಾಗಿತ್ತು. ಒಲ್ಲದ ಮನಸ್ಸಿನಿಂದ ಹೊರಟ.

*

"ಇಲ್ಲಿ ನಿಲ್ಲಿಸಿ. ಆಫ್ ಮಾಡಿ."

ಅದೇ ತಿರುವು. ಶಾನವಾಝ್ ಬ್ರೇಕ್ ಒತ್ತಿದ, ಕೀ ಮುಟ್ಟಲಿಲ್ಲ. ನಡುವೆ ಕೂತಿದ್ದ ರಾಮಪ್ರಸಾದ ತಾನೇ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ. ರಮ್ಲತ್ ಗಡಿಯಾರ ನೋಡುತ್ತ ಎರಡು ನಿಮಿಷ ಕಾದಳು.

"ಈಗ ಸ್ಟಾರ್ಟ್ ಮಾಡಿ," ಎಂದಳು ರಮ್ಲತ್.

ಎಂಜಿನ್ ನರಳಿತು. ಹಿಡಿಯಲಿಲ್ಲ. ಆರು ಸಲ ತಿರುಗಿಸಿದರೂ ಇಲ್ಲ.

ಶಾನವಾಝ್‌ಗೆ ಆ ಜಾಗ ಬಿಟ್ಟು ಹೋದರೆ ಸಾಕಾಗಿತ್ತು. ಬಾಗಿಲ ಬದಿಯ ನೀರಿನ ಬಾಟಲಿ ಎತ್ತಿಕೊಂಡು ಇಳಿದ. ಬಾನೆಟ್ ತೆರೆದು ಡೀಸೆಲ್ ಪಂಪಿನ ಮೇಲೆ ಪೂರ್ತಿ ಸುರಿದ, ಬಾಟಲಿ ಎಸೆದ. ಹತ್ತಿ ಕೂತು ಕೀ ತಿರುಗಿಸಿದ. ಒಂದೇ ಸಲಕ್ಕೆ ಹಿಡಿಯಿತು.

ಅಷ್ಟರಲ್ಲಿ ರಮ್ಲತ್ ಇಳಿದು ನಿಂತಿದ್ದಳು. ಅವಳ ಕಾಲ ಬಳಿ ಖಾಲಿ ಬಾಟಲಿ, ಒದ್ದೆ ಡಾಮರು. ಎಲ್ಲ ಅರ್ಥವಾಯಿತು.

"ಇದೇ ಶಬ್ದ!" ದೇವಕಿಯಮ್ಮ ಮೆಟ್ಟಿಲ ಬುಡದಿಂದ ಕೂಗಿದರು. ಅವರ ಹಿಂದಿದ್ದ ಚಿನ್ಮಯೀ ಬಂದು ಕೀ ಕಿತ್ತುಕೊಂಡರು. ಹೊಸ ಬಂಪರಿನ ಹಿಂದೆ ತಗಡು ಹರಿದಿತ್ತು. ಅವರು ತಂದಿದ್ದ ಚೂರು ಅಲ್ಲಿ ಸರಿಯಾಗಿ ಕೂತಿತು.

"ಪಂಪ್ ಸವೆದಿದೆ ಮೇಡಂ," ಎಂದ ರಾಮಪ್ರಸಾದ. "ತಣ್ಣಗಿದ್ರೆ ಗೊತ್ತೇ ಆಗುದಿಲ್ಲ. ಬಿಸಿಯಾದ್ರೆ ಡೀಸೆಲ್ ತೆಳುವಾಗ್ತದೆ, ಪ್ರೆಶರ್ ಬರುದಿಲ್ಲ. ತಣ್ಣೀರು ಹೊಯ್ದರೆ ಮತ್ತೆ ಹಿಡೀತದೆ. ಅವತ್ತೂ ಇವ ಇದನ್ನೇ ಮಾಡಿದ್ದು."

"ಬಾಟಲಿ ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ," ಎಂದಳು ರಮ್ಲತ್. "ನನ್ನ ತಮ್ಮನ ಅಂಗಿ ಒಣಗಿಯೇ ಇತ್ತು. ನಾನು ಮುಟ್ಟಿ ನೋಡಿದ್ದೆ. ಆದ್ರೂ ನೀರು ಕೊಟ್ಟಿದ್ದಾನೆ ಅಂತ ನಂಬಿದೆ. ಹಾಗೆ ನಂಬುದು ನನಗೆ ಬೇಕಿತ್ತು."

ಶಾನವಾಝ್ ರಸ್ತೆಯಲ್ಲೇ ಕುಸಿದು ಕೂತ. "ತಿರುವಿನಲ್ಲಿ ಕಾಣ್ಲಿಲ್ಲ ಅಕ್ಕ, ಹೆದರಿ ಹೋದೆ. ಜೈಲಿಗೆ ಹೋಗ್ತೇನೆ. ನೀವು ಮಾಫ್ ಮಾಡಿ. ನೀವು ಮಾಡದಿದ್ರೆ ಅಲ್ಲಾಹನೂ ಮಾಡುದಿಲ್ಲ."

"ಹೊಡೆದದ್ದು ಕೈತಪ್ಪಿ. ಅದನ್ನು ಮಾಫ್ ಮಾಡ್ತಿದ್ದೆ," ಎಂದಳು. "ಆದ್ರೆ ಅವ ನೀರು ಕೇಳಿದ. ನಿನ್ನ ಕೈಯಲ್ಲಿ ನೀರು ಇತ್ತು. ನೀನು ಅದನ್ನು ಗಾಡಿಗೆ ಕುಡಿಸಿದೆ."

ಅವನು ಅವಳ ಕಾಲಿಗೆ ಕೈ ಚಾಚಿದ. ರಮ್ಲತ್ ಹಿಂದೆ ಸರಿದಳು.

"ಮಾಫ್ ಇಲ್ಲ. ಇಲ್ಲಿಯೂ ಇಲ್ಲ, ಸತ್ತ ಮೇಲೆ ಆಖಿರತ್ತಿನಲ್ಲಿಯೂ ಇಲ್ಲ. ಅಲ್ಲಿ ನಿನ್ನ ಕಾಲರ್ ಹಿಡಿಯುವ ಮೊದಲನೆ ಕೈ ನಂದೇ."