ರಾಜು ಅಳಿಸಿಹಾಕಿದ ಆಟ

ಮಧುಗಿರಿಯ ನನ್ನ ಗೆಳೆಯ ನರಸಿಂಹರಾಜು ತಾನೇ ಮಾಡಿದ ದೆವ್ವದ ವಿಡಿಯೋ ಗೇಮನ್ನು ಒಂದು ಮಧ್ಯಾಹ್ನ ನಮಗೆಲ್ಲ ಆಡಲು ಕೊಟ್ಟ. ನಾನು ಬೆಚ್ಚಿದ್ದು ತಟ್ಟನೆ ಎದುರಾದ ಮುಖಕ್ಕೆ. ನನ್ನ ಹೆಂಡತಿ ಭುವನಾ ಹೆದರಿದ್ದು ಯಾರೂ ಇಲ್ಲದ ಖಾಲಿ ಕೋಣೆಗೆ. ನಗುನಗುತ್ತಲೇ ಆಡುತ್ತಿದ್ದ ಅವನ ಸೋದರತ್ತೆ ಮಂಜಮ್ಮ ಇದ್ದಕ್ಕಿದ್ದಂತೆ ಹೆಡ್‌ಫೋನ್ ಕಿತ್ತಿಟ್ಟರು.

“ಸತ್ತೋದ ನಮ್ಮವ್ವ ‘ಮಂಜೀ’ ಅಂತ ಕರುದ್ಲು ಕಣ್ಲಾ. ಅವ್ಳ ದನಿ ನಿಂಗೆಂಗೆ ಸಿಕ್ತು?”

“ಇದ್ರಾಗೆ ಮಾತೇ ಇಲ್ಲ ಕಣತ್ತೆ, ಬರೀ ಹೆಜ್ಜೆ ಸದ್ದು ಹಾಕಿವ್ನಿ,” ಎಂದ ರಾಜು.

ಅವನೇ ಏನೋ ಕಿತಾಪತಿ ಮಾಡಿದ್ದಾನೆಂದು ನಾನು ಹೆಡ್‌ಫೋನ್ ಹಾಕಿಕೊಂಡೆ. ಆ ಸೆಕೆಯಲ್ಲೂ ಅದು ಕಿವಿಗೆ ತಣ್ಣಗೆ ತಾಕಿತು. ಹೆಜ್ಜೆ ಸದ್ದಷ್ಟೇ ಕೇಳಿತು.

ಆಮೇಲೆ ರಾಜು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮೆಲ್ಲಗೆ “ಹೂಂ” ಎಂದ. ವರ್ಷಗಟ್ಟಲೆ ಕೂತು ಮಾಡಿದ್ದ ಆಟವನ್ನು ನಮ್ಮೆದುರೇ ಅಳಿಸಿಹಾಕಿದ.

ಯಾರಿಗೆ ಹೂಂಗುಟ್ಟಿದೆ ಎಂದು ಕೇಳಿದರೆ ಇವತ್ತಿಗೂ ಮಾತು ಬದಲಿಸುತ್ತಾನೆ.