ಆಕ್ಷೇಪದರ್ಶಕದ ಬಾಯಿಗೆ ಬಿದ್ದ ಐದನೆಯ ಲೇಖನ

ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಲೇಖನಗಳನ್ನು ಪರೀಕ್ಷಿಸುವ ಆಕ್ಷೇಪದರ್ಶಕ ಯಂತ್ರವು ಮೌಖಿಕ ಪರೀಕ್ಷೆಗೆ ಬಂದ ಹಿರಿಯರಂತೆ ಗಂಟಲು ಸರಿಮಾಡಿಕೊಂಡಿತು. ವಿದ್ಯಾರ್ಥಿನಿ ನೀಲಗಂಗಾ ಕೊಟ್ಟ ಐದನೆಯ ಲೇಖನಕ್ಕೂ ಹಸಿರು ದೀಪ ಹತ್ತಿತು. ಆಧಾರಕ್ಕೆ ಅಚ್ಚಾದ ಐದು ವಿದ್ವತ್ ಲೇಖನಗಳಿಲ್ಲದೆ ಜೋಳದ ರೊಟ್ಟಿಯ ಕುರಿತ ಅವಳ ಸೆಮಿನಾರಿಗೆ ಅನುಮತಿಯಿಲ್ಲ, ಸೆಮಿನಾರಿಲ್ಲದೆ ಪದವಿಯಿಲ್ಲ. ಅಂದೇ ಕೊನೆಯ ದಿನ.

ಯಂತ್ರ ಕಟ್ಟಿದ ವಿಭಾಗ ಮುಖ್ಯಸ್ಥ ಡಾ. ತವನಪ್ಪ ಚೌಗಲಾ ಸಹಿ ಹಾಕಲು ಕೈಚಾಚಿದರು. ನೀಲಗಂಗಾಳ ಮುಖ ಸಪ್ಪಗಾಯಿತು.

"ತಪ್ಪಾತ್ರಿ ಸರ್. ಐದನೇದು ನನ್ನ ಕರಡು. ಅವಸರದಾಗ ಹಾಕೀನಿ. ಎಲ್ಲೂ ಅಚ್ಚಾಗಿಲ್ಲ."

"ನನ್ನ ಯಂತ್ರ ತಪ್ಪಂಗಿಲ್ಲ ಬಿಡು."

ಆ ಮಾತಿಗೆ ಕಾರಣವಿತ್ತು. ವಿದ್ವತ್ ಲೇಖನ ಅಚ್ಚಾಗುವ ಮೊದಲು ಅದೇ ವಿಷಯ ಬಲ್ಲ ಇಬ್ಬರು ಮೂವರು ಅದನ್ನು ಓದಿ, ತಕರಾರು ತೆಗೆದು, ತಿದ್ದಿಸುತ್ತಾರೆ. ಇದೇ ಸಮಕಕ್ಷ ಪರಿಶೀಲನೆ, ಅಂದರೆ ಸರಿಸಮಾನರು ಮಾಡುವ ಪರೀಕ್ಷೆ. ವಿಧಾನದ ವಿವರ, ಉಲ್ಲೇಖಗಳ ಪಟ್ಟಿ, ಪರಿಷ್ಕರಿಸಿದ ದಿನಾಂಕ ಇವೆಲ್ಲ ಅದರ ಗುರುತು. ಆದರೆ ಪಾಂಡಿತ್ಯದ ವೇಷ ಕಟ್ಟುವ ಪತ್ರಿಕೆಗಳು ಈ ಬಣ್ಣವನ್ನೂ ಬಳಿದುಕೊಳ್ಳತೊಡಗಿದ್ದವು. ಅದಕ್ಕೇ ಚೌಗಲಾ ಅವರ ಯಂತ್ರ ವಾಕ್ಯಗಳಲ್ಲಿ ಉಳಿದ ತಕರಾರಿನ ಗಾಯಗಳನ್ನು ಹುಡುಕುತ್ತಿತ್ತು: ಲೇಖಕ ಎಲ್ಲಿ ಹಿಂಜರಿದ, ಎಲ್ಲಿ ತನ್ನ ಮಿತಿ ಒಪ್ಪಿಕೊಂಡ.

"ಹಂಗಾದ್ರ ಕರಡಿನಾಗ ಈ ಗಾಯ ಎಲ್ಲಿಂದ ಬಂತು? ಇದನ್ನ ಯಾರು ಓದ್ಯಾರ?" ಚೌಗಲಾ ಕೇಳಿದರು.

"ಹಾಸ್ಟೆಲ್ ಮೆಸ್ಸಿನ ಕಾಶವ್ವ. ಓದಲಿಲ್ಲರಿ, ಓದಿಸಿ ಕೇಳಿದ್ರು. ಹಿಟ್ಟು ಹೊಸ ಜೋಳದ್ದೋ ಹಳೇದೋ ಅಂದ್ರು, ನೀರು ಎಷ್ಟು ಕುದ್ದಿತ್ತು ಅಂದ್ರು. ಮೂರು ಸಲ ತಿದ್ದೀನಿ."

"ಆಕಿ ನಿನಗ ಸಮಕಕ್ಷ ಏನು?"

"ಎಲ್ಲಿದರಿ. ಮೂವತ್ತು ವರ್ಷ ರೊಟ್ಟಿ ಬಡದಾರ. ನಾನೇ ಕೆಳಗಿನಾಕಿ."

ಚೌಗಲಾ ನಗು ನುಂಗಿ, ಈ ಯಂತ್ರದ ಬಗ್ಗೆ ತಾವೇ ಬರೆದು ಇನ್ನೂ ಎಲ್ಲಿಗೂ ಕಳಿಸದಿದ್ದ ಲೇಖನವನ್ನು ಯಂತ್ರದ ಬಾಯಿಗಿಟ್ಟರು. ಯಂತ್ರ ಕೆಮ್ಮಿತು. ಕೆಂಪು ದೀಪ: ತಕರಾರಿನ ಗಾಯ ಒಂದೂ ಇಲ್ಲ.

"ವಿಭಾಗದಾಗ ಎಲ್ಲಾರೂ ಓದಿ ಭೇಷ್ ಅಂದಾರಲ್ಲ?"

"ಎಲ್ಲಾರೂ ನಿಮ್ಮ ಕೈಕೆಳಗಿನವ್ರರಿ," ಎಂದುಬಿಟ್ಟ ನೀಲಗಂಗಾ ತುಟಿ ಕಚ್ಚಿಕೊಂಡಳು.

ಚೌಗಲಾ ತಮ್ಮ ಲೇಖನವನ್ನು ಯಂತ್ರದಿಂದ ಹೊರಗೆಳೆದರು. "ಅಚ್ಚಾಗದ್ದು ಲೆಕ್ಕಕ್ಕ ಬರಂಗಿಲ್ಲ. ಸಂಜಿತನಕ ಇನ್ನೊಂದು ಹುಡುಕು. ಯಂತ್ರ ಬ್ಯಾಡ, ನೀನೇ ಓದು. ಕಾಶವ್ವ ಕೇಳಿದಂಗ ಕೇಳು."

ಸಂಜೆ ಅವಳು ತಂದ, ಅಚ್ಚಾದ ಬೇರೊಂದು ಲೇಖನದ ಅಂಚಿನ ತುಂಬ ಅವಳೇ ಬರೆದ ಪ್ರಶ್ನೆಗಳಿದ್ದವು; ಬಹಳಷ್ಟಕ್ಕೆ ಲೇಖನದೊಳಗೇ ಉತ್ತರವಿತ್ತು. ಚೌಗಲಾ ದೀಪದ ಕಡೆ ನೋಡದೆ ಸಹಿ ಹಾಕಿ, ತಮ್ಮ ಲೇಖನ ಹಿಡಿದು ಮೆಸ್ಸಿಗೆ ನಡೆದರು. ಕಾಶವ್ವ ರೊಟ್ಟಿ ಬಡಿಯುತ್ತಲೇ ಅವರು ಓದಿದ್ದನ್ನು ಕೊನೆಯ ಪುಟದವರೆಗೂ ಕೇಳಿಸಿಕೊಂಡರು.

"ಒಂದು ಹೇಳ್ರಿ ಸಾಹೇಬ್ರ. ದೀಪ ನೋಡಿ ನಮ್ಮ ಹುಡುಗ್ಯಾರು ಓದೂದು ಕಲೀತಾರೋ, ಬಿಡ್ತಾರೋ?"

ಚೌಗಲಾ ಮೊದಲ ಪುಟಕ್ಕೆ ಮರಳಿ, ಪೆನ್ನಿನ ಮುಚ್ಚಳ ತೆಗೆದರು.