ಬಕ್ಕೇಶನ ಓಟದ ಹುಚ್ಚು

ಮೇಲೆ ಹೊದಿಸಿದ್ದ ಗೋಣಿಚೀಲ ಎಳೆದು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಬಕ್ಕೇಶ ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತ. ವಾಣಿ ಅವನನ್ನು ನೋಡಲಿಲ್ಲ. ಅವನು ಮಾಡಿಟ್ಟಿದ್ದನ್ನು ನೋಡಿದಳು.

ಅದಕ್ಕೆ ಮೂರು ಗಾಲಿ. ಮೂರೂ ಮಕ್ಕಳ ಸೈಕಲ್ಲಿನವು. ಕಿಟಕಿ ಗ್ರಿಲ್ಲಿಗೆಂದು ತಂದ ಪೈಪನ್ನು ಬಗ್ಗಿಸಿ ಹಿಡಿಕೆ ಮಾಡಿದ್ದ. ನಡುವೆ ಹಳೇ ಲೂನಾದ ಸೀಟು, ಸುತ್ತ ಮಗು ಬೀಳದ ಹಾಗೆ ಕಂಬಿ. ಇಡೀ ಗಾಡಿಗೆ ಯಾರದೋ ಮನೆ ಗೇಟಿಗೆ ಹೊಡೆದು ಉಳಿದ ಹಸಿರು ಬಣ್ಣ.

"ಏನ್ರೀ ಇದು?"

"ಗಾಡಿ."

"ಗಾಡಿ ಅನ್ನೋದು ಕಾಣ್ತೈತೆ. ಯಾಕ?"

"ನೀನು ಮುಂದೆ ಓಡ್ತೀಯ. ನಾನು ಸಿಂಚನಾನ ಇದ್ರಾಗೆ ಕೂರಿಸ್ಕಂಡು ನಿನ್ನ ಹಿಂದೆ ಓಡ್ತೀನಿ. ಅವಳೂ ಅಳಂಗಿಲ್ಲ, ನೀನೂ ನಿಲ್ಲಂಗಿಲ್ಲ." ಬಕ್ಕೇಶನ ಕಣ್ಣು ಮಿನುಗುತ್ತಿದ್ದವು. "ಗಾಲಿ ನಮ್ಮ ಸೈಕಲ್ ಶಾಪಿನ ಹಿದಾಯತ್ ಕೊಟ್ಟಿದ್ದು. ಹೆಂಗೈತೆ?"

ಎರಡೂವರೆ ವರ್ಷದ ಸಿಂಚನಾ ಆಗಲೇ ಹತ್ತಿ ಕೂತು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇನ್ನು ಇಳಿಸಿದರೆ ರಂಪ. ವಾಣಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಇದೆಲ್ಲ ಶುರುವಾಗಿದ್ದು ಅವಳ ಬಾಯಿಂದ ಜಾರಿದ ಒಂದು ಮಾತಿನಿಂದ. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಹುರುಪಿನಲ್ಲಿ ಊರಿನವರು ಯಾವ ನೆಪ ಸಿಕ್ಕರೂ ಒಂದು ರಸ್ತೆ ಓಟ ಇಡುತ್ತಿದ್ದರು. ಅಂಥದೇ ಒಂದು ಓಟ ಪಿ.ಬಿ. ರೋಡಿನಲ್ಲಿ ಅವರ ಸ್ಕೂಟರಿಗೆ ಅಡ್ಡ ಬಂದಿತ್ತು. ಹಳದಿ ಟೀ ಶರ್ಟಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದೆ ಹೋಗುವುದನ್ನು ನೋಡಿ, ಹಿಂದೆ ಕೂತಿದ್ದ ವಾಣಿ ತನ್ನಷ್ಟಕ್ಕೆ ತಾನೇ ಅಂದಳು, "ತೋಳು ಹೆಂಗೆ ಬೀಸ್ತಾಳ ನೋಡು. ಇವಳನ್ನ ಹೊಂಡದ ಸರ್ಕಲ್ ದಾಟೋ ಮೊದ್ಲೇ ಹಿಂದೆ ಹಾಕ್ತಿದ್ದೆ."

ಬಕ್ಕೇಶ ಹಿಂದೆ ತಿರುಗಿ ಅವಳನ್ನೇ ನೋಡಿದ. ದಾರಿ ಬಿಟ್ಟರೂ, ಹಿಂದಿನವರು ಹಾರನ್ ಹೊಡೆದರೂ ನೋಡುತ್ತಲೇ ಇದ್ದ. ಹರಿಹರದ ಕಾಲೇಜಿನಲ್ಲಿ ವಾಣಿ ಓಡುತ್ತಿದ್ದಳೆಂಬುದು ಅವನಿಗೆ ಗೊತ್ತಿತ್ತು. ಮದುವೆಯಾದ ಮೇಲೆ ಓಡಬೇಡ ಅಂತ ಯಾರೂ ಅಂದಿರಲಿಲ್ಲ. ಓಡು ಅಂತಲೂ ಯಾರೂ ಅಂದಿರಲಿಲ್ಲ.

ಮರುವಾರವೇ ಅವನು ಒಂದು ಜೊತೆ ಬಿಳಿ ಶೂ ತಂದ. ಅವಳು ಮಲಗಿದ್ದಾಗ ದಾರ ಹಿಡಿದು ಪಾದ ಅಳೆದುಕೊಂಡು ಹೋಗಿದ್ದನಂತೆ. ಪಡಸಾಲೆಯಲ್ಲಿ ಮಂಡಿಯೂರಿ ತಾನೇ ಲೇಸು ಕಟ್ಟಿದ. ಕಟ್ಟುವುದಕ್ಕಿಂತ ತಲೆಯೆತ್ತಿ ನೋಡಿದ್ದೇ ಜಾಸ್ತಿ.

"ಲೇಸು ನೋಡ್ರಿ, ನನ್ನ ಮುಖ ಅಲ್ಲ."

"ಎರಡೂ ನೋಡ್ತಿದೀನಿ."

"ಅದಕ್ಕೇ ಗಂಟು ಸಿಕ್ಕು ಬಿದ್ದೈತೆ."

ಅಲ್ಲಿವರೆಗೆ ಸರಿ. ಆಮೇಲೆ ಮುಂದಿನ ಓಟಕ್ಕೆ ಅವಳ ಹೆಸರಿನ ಜೊತೆ ತನ್ನ ಹೆಸರನ್ನೂ ಬರೆಸಿ ಬಂದಿದ್ದೇನೆ ಅಂದ. ದಿನವಿಡೀ ವೆಲ್ಡಿಂಗ್ ಕಿಡಿಯ ಮುಂದೆ ಕೂರುವವನು, ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು.

ಮೊದಲನೇ ಓಟದಲ್ಲಿ ಅತ್ತೆ ಮರುಳಸಿದ್ದಮ್ಮ ಮೊಮ್ಮಗಳನ್ನು ಎತ್ತಿಕೊಂಡು ರಸ್ತೆ ಪಕ್ಕ ನಿಂತಿದ್ದರು. ಮುಂದೆ ಮುಂದೆ ಹೋಗುತ್ತಿದ್ದ ವಾಣಿಗೆ "ಅಮ್ಮಾ" ಅಂತ ಮಗಳು ಕಿರುಚಿದ್ದು ಕೇಳಿತು. ತಿರುಗಿ ಬಂದು ಮಗುವನ್ನು ಎತ್ತಿಕೊಂಡಳು. ಅಲ್ಲಿಗೆ ಓಟ ಮುಗಿಯಿತು. ಬಕ್ಕೇಶ ಮಾತ್ರ ದಾರಿಯಲ್ಲಿ ಸಿಕ್ಕ ಗಿರಾಕಿಗಳನ್ನೆಲ್ಲ ಮಾತಾಡಿಸುತ್ತ, ಎಲ್ಲರೂ ಮನೆಗೆ ಹೋದ ಮೇಲೆ ಬಂದ.

ಎರಡನೆಯದಕ್ಕೆ ಈ ಹಸಿರು ಗಾಡಿ.

ಆ ಓಟ ನೆನೆಸಿಕೊಂಡರೆ ವಾಣಿಗೆ ಈಗಲೂ ಮೈ ಉರಿಯುತ್ತದೆ. ಗಾಲಿ ಕಿರಗುಟ್ಟುತ್ತಿತ್ತು. ರಸ್ತೆಯಂಚಿನ ಯಾರೋ "ಐಸ್‌ಕ್ಯಾಂಡಿ ಐತೇನ್ರೀ?" ಅಂದರು. ಅವಳು ಸ್ವಲ್ಪ ಮುಂದೆ ಹೋದರೆ ಸಾಕು, ಹಿಂದಿನಿಂದ ಮಗಳು "ಅಮ್ಮಾ ನಿಂತ್ಕೋ!" ಅಂತ ಕೂಗುತ್ತಿದ್ದಳು. ಅದರ ಬೆನ್ನಿಗೇ ಗಂಡ, "ಉಸಿರು ಬಿಡು ವಾಣಿ! ನೀರು ಬೇಕಾ ವಾಣಿ?" ಅಂತ. ಮೂವರೂ ಕೂಡಿ ಗುರಿ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು.

ಮಾರನೇ ದಿನದ ಪೇಪರಿನಲ್ಲಿ ಫೋಟೋ. ಗಾಡಿ, ಮಗು, ಬಕ್ಕೇಶನ ಬೆವರು ಮುಖ, ಮೂಲೆಯಲ್ಲಿ ವಾಣಿಯ ಅರ್ಧ ಭುಜ. ಕೆಳಗೆ, 'ವರ್ಕ್‌ಶಾಪ್ ಮಾಲೀಕರ ಓಟದ ಹುಚ್ಚು, ಪತ್ನಿಯ ಸಾಥ್.' ಅವನು ಅದನ್ನು ಕತ್ತರಿಸಿ ಆನೆಕೊಂಡದ ತನ್ನ ವರ್ಕ್‌ಶಾಪಿನ ಗೋಡೆಗೆ ಅಂಟಿಸಿದ. ವಾಣಿ ಎರಡು ದಿನ ಅವನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಅದು ಸಾಲದು ಅನ್ನುವಂತೆ ಒಂದು ಮಧ್ಯಾಹ್ನ ಪಕ್ಕದ ಮನೆಯ ಕೊಟ್ರವ್ವ ಬಂದು ಕೂತಾಗ, ಅತ್ತೆ ಹೇಳುತ್ತಿದ್ದದ್ದು ಅಡುಗೆಮನೆಗೆ ಕೇಳಿತು.

"ನನ್ನ ಮಗಂಗೆ ಓಡೋ ಹುಚ್ಚು ಹಿಡ್ದೈತೆ ಕೊಟ್ರವ್ವ. ಪಾಪ, ಈ ಹುಡುಗೀನೂ ಎಳ್ಕಂಡು ಹೋಗ್ತಾನ. ಏನ್ ಮಾಡ್ತಾಳ, ಗಂಡ ಕರೆದ್ರೆ ಹೋಗಬೇಕಲ್ಲ."

ವಾಣಿ ಹಾಕಿದ್ದ ರೊಟ್ಟಿ ಹೆಂಚಿನ ಮೇಲೆಯೇ ಸೀದುಹೋಯಿತು. ಊಟಕ್ಕೆ ಬಂದ ಬಕ್ಕೇಶನ ತಟ್ಟೆಗೆ ಅದನ್ನೇ ಹಾಕಿದಳು.

"ಅತ್ತೆಗೆ ಏನು ಹೇಳೀರಿ ನೀವು? ಓಡೋ ಆಸೆ ಯಾರ್ದು ಅಂತ ಹೇಳೀರಿ?"

ಅವನು ಸೀದ ರೊಟ್ಟಿ ಮುರಿದುಕೊಂಡು, "ಪಲ್ಯ ಭಾಳ ಚಲೋ ಆಗೈತೆ" ಅಂದ.

ಅಷ್ಟರಲ್ಲಿ ಹರಿಹರದ ಓಟದ ಸುದ್ದಿ ಬಂತು. ಹೆಂಗಸರಲ್ಲಿ ಮೊದಲ ಮೂವರನ್ನು ಜಿಲ್ಲೆಯ ಹೆಸರಿನಲ್ಲಿ ಮೈಸೂರಿನ ರಾಜ್ಯಮಟ್ಟದ ಓಟಕ್ಕೆ ಕಳಿಸುತ್ತಾರಂತೆ. ಓಟ ತನ್ನದೇ ತವರೂರಿನಲ್ಲಿ. ಆ ರಸ್ತೆಯ ಏರು, ಇಳಿಜಾರು, ತುಂಗಭದ್ರೆಯ ಸೇತುವೆ ಮೇಲಿನ ಗಾಳಿ, ಎಲ್ಲ ಅವಳಿಗೆ ಗೊತ್ತು. ಹೈಸ್ಕೂಲ್ ಮೈದಾನದಲ್ಲಿ ಒಂದು ತಿಂಗಳು ಬೆಳಗಾಗುವ ಮೊದಲೇ ಸುತ್ತು ಹಾಕಿದಳು. ಶನಿವಾರ ತವರಿಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದಳು.

"ನೀವು ಬರಬ್ಯಾಡ್ರಿ. ಸಿಂಚನಾನ್ನೂ ಕರ್ಕಂಡು ಬರಬ್ಯಾಡ್ರಿ. ಗಾಡಿ ಅಂತೂ ಬ್ಯಾಡವೇ ಬ್ಯಾಡ."

"ಆಯ್ತು."

ಅಷ್ಟು ಸಲೀಸಾಗಿ ಒಪ್ಪಿದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ಎದೆಗೆ ನಂಬರು ಚುಚ್ಚಿಕೊಂಡು ಓಟ ಶುರುವಾಗುವ ಕಡೆ ಬಂದರೆ, ಎಳೆ ಬಿಸಿಲಿಗೆ ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದಿದ್ದ. ಅವಸರಕ್ಕೆ ಶೂ ಕೂಡ ಹಾಕಿರಲಿಲ್ಲ, ಕಾಲಲ್ಲಿ ಚಪ್ಪಲಿ.

"ಬರಬ್ಯಾಡ್ರಿ ಅಂದಿದ್ದೆ."

"ಏನ್ ಮಾಡ್ಲಿ ವಾಣಿ, ನಿನ್ನೆ ಸಂಜೆಯಿಂದ ಅಮ್ಮ ಅಮ್ಮ ಅಂತ ಒಂದೇ ಸಮ..."

"ಅವಳ ನೆವ ಹೇಳಬ್ಯಾಡ್ರಿ!" ವಾಣಿಯ ದನಿ ಏರಿತು. ಪಕ್ಕದ ಹುಡುಗಿಯರು ತಿರುಗಿ ನೋಡಿದರು. "ನನ್ನ ಒಬ್ಬಳನ್ನೇ ರಸ್ತೆಗೆ ಬಿಡಾಕ ನಿಮಗ ಧೈರ್ಯ ಇಲ್ಲ. ಕಾವಲು ಕಾಯಾಕ ಬರ್ತೀರಿ. ಹುಚ್ಚು ನಿಮ್ದು, ಫೋಟೋ ನಿಮ್ದು, ಹೆಸರು ನಿಮ್ದು. ನಾನು ಸಾಥ್ ಕೊಡೋಳು! ಇದೊಂದು ಸಲನಾದ್ರೂ ನನ್ನ ಪಾಡಿಗೆ ನನ್ನ ಬಿಡ್ರಿ."

ಬಕ್ಕೇಶನ ಮುಖದ ನಗು ಆರಿಹೋಯಿತು. ಏನೋ ಹೇಳಲು ಬಾಯಿ ತೆರೆದ. ಸೀಟಿ ಊದಿದರು.

ಮೊದಮೊದಲು ಅವಳನ್ನು ಓಡಿಸಿದ್ದು ಸಿಟ್ಟೇ. ಸೇತುವೆ ಹತ್ತುವಾಗ ಸಿಟ್ಟು ಕರಗಿ ಬರೀ ಉಸಿರು ಉಳಿಯಿತು. ಕೆಳಗೆ ಹೊಳೆ, ಮೇಲೆ ಗಾಳಿ, ಮುಂದೆ ಒಬ್ಬಳೇ ಒಬ್ಬಳು. ಯಾರೂ ಕೂಗುತ್ತಿಲ್ಲ. ಯಾರೂ ನೀರು ಬೇಕಾ ಅನ್ನುತ್ತಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಕಾಲುಗಳು ತನ್ನವೇ ಅನ್ನಿಸಿದವು.

ಆಚೆ ದಡದಲ್ಲಿ ತಿರುಗಿ ಬರುವಾಗ, ಹಿಂದೆ ಉಳಿದವರೆಲ್ಲ ಎದುರಿಗೆ ಬರತೊಡಗಿದರು. ಅವಳಿಗೆ ಬೇಡವೆಂದರೂ ಕಣ್ಣು ಹಸಿರು ಬಣ್ಣ ಹುಡುಕಿತು. ಹುಡುಗರು ಬಂದರು, ಪೊಲೀಸರು ಬಂದರು, ಪಂಚೆ ಎತ್ತಿ ಕಟ್ಟಿದ ಒಬ್ಬ ಅಜ್ಜನೂ ಬಂದ. ಗಾಡಿ ಬರಲಿಲ್ಲ.

ಗಾಲಿ ಏನಾದರೂ ಕಳಚಿಬಿತ್ತೋ? ಮಗು ಬಿತ್ತೋ? ಅಥವಾ ತಾನು ಅಂದಿದ್ದು ಅಷ್ಟು ನಾಟಿತೋ? ಕಾಲು ತಾನಾಗಿ ನಿಧಾನವಾಯಿತು. ಹಿಂದಿದ್ದ ಒಬ್ಬಳು ದಾಟಿ ಹೋದಳು. ಈ ಮನುಷ್ಯ ಬಂದರೂ ಕಾಟ, ಬರದಿದ್ದರೂ ಕಾಟ! ವಾಣಿ ಹಲ್ಲು ಕಚ್ಚಿ ಮತ್ತೆ ಕಾಲು ಬೀಸಿದಳು.

ಮೂರನೆಯವಳಾಗಿ ಗುರಿ ಮುಟ್ಟಿದಳು. ಯಾರೋ ಹೆಸರು ಬರೆದುಕೊಂಡರು, ಯಾರೋ ಕೈಗೆ ಗ್ಲುಕೋಸ್ ನೀರು ಕೊಟ್ಟರು. ಚಪ್ಪಾಳೆ ತಟ್ಟುವವರ ನಡುವೆ ಒಂದೊಂದೇ ಮುಖ ನೋಡುತ್ತಾ ಹೋದಳು. ಅವನಿರಲಿಲ್ಲ.

"ಹಸಿರು ಗಾಡೀನೇನವ್ವ?" ವಾಣಿ ವಿಚಾರಿಸಿದಾಗ ಹೂ ಮಾರುವಾಕೆ ಕೇಳಿದಳು. "ನೀವೆಲ್ಲ ಆ ಕಡೆ ಓಡಿದ್ರಿ, ಅವನು ಈ ಕಡೆ ಓಡಿದ. ಕೂಸು ಒಂದೇ ಸಮ ಕಿರುಚ್ತಿತ್ತು. ಗುಡಿ ಹಿಂದೆ, ಹೊಳೆ ಕಡೆ ಹೋದ ನೋಡು."

ಹರಿಹರೇಶ್ವರನ ಗುಡಿ ಬಳಸಿ, ಹೊಳೆಗೆ ಇಳಿಯುವ ಮೆಟ್ಟಿಲುಗಳ ಹತ್ತಿರ ಬಂದರೆ, ಬಕ್ಕೇಶ ಅಲ್ಲಿ ಕೂತಿದ್ದ. ಗಾಡಿಯಲ್ಲಿ ಸಿಂಚನಾ ನಿದ್ದೆ ಹೋಗಿದ್ದಳು. ಅವನ ಅಂಗಿ ಹಿಂಡುವಷ್ಟು ಒದ್ದೆ.

"ಎಲ್ಲಾ ಬಿಟ್ಟು ಇಲ್ಲಿಗ್ಯಾಕ ಬಂದ್ರಿ?"

"ಮೆಲ್ಲಗೆ, ಈಗ ಮಲಗ್ಯಾಳ." ಮಗು ನಿದ್ದೆ ಹೋಗುವವರೆಗೂ ಗಾಡಿ ತಳ್ಳಿದ್ದ ಅವನಿಗಿನ್ನೂ ಉಸಿರು ಸರಿಯಾಗಿರಲಿಲ್ಲ. "ನೀನು ಹೊರಟ ಕೂಡ್ಲೇ ಕೂಗಾಕ ಶುರು ಮಾಡಿದ್ಲು. ನಿನಗೆ ಕೇಳಿದ್ರೆ ನೀನು ನಿಂತ್ಬಿಡ್ತೀಯ. ಕೇಳದಷ್ಟು ದೂರ ಹೋಗಬೇಕಿತ್ತು. ಹುಟ್ಟಿದಾಗಿಂದ ಇಷ್ಟು ಜೋರಾಗಿ ಓಡಿರಲಿಲ್ಲ ನೋಡು." ಆಮೇಲೆ ಹೆದರಿದವನಂತೆ ಕೇಳಿದ, "ಎಷ್ಟನೇದು ಬಂದಿ?"

"ಮೂರನೇದು."

ಬಕ್ಕೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನಾನು ನೋಡ್ಲಿಲ್ಲ."

"ಹೌದು, ನೋಡ್ಲಿಲ್ಲ. ಬ್ಯಾಡ ಅಂದಾಗ ಗಾಡಿ ತಳ್ಕಂಡು ಬರ್ತೀರಿ, ಬೇಕು ಅಂದಾಗ ಇರಂಗಿಲ್ಲ." ಗದರುತ್ತಲೇ ಅವಳ ಕಣ್ಣು ಅವನ ಪಾದದ ಮೇಲೆ ಬಿತ್ತು. ಚಪ್ಪಲಿಯ ಬಾರು ಉಜ್ಜಿ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. "ಅಯ್ಯೋ, ಚಪ್ಪಲಿಯಾಗೆ ಓಡ್ತಾರೇನ್ರೀ? ಕರ್ಚೀಫು ಕೊಡ್ರಿ."

ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತು, ಕರ್ಚೀಫು ನೆನೆಸಿ, ಅವನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವನು ಹಿಂದಕ್ಕೆ ಎಳೆದ. ಅವಳು ಬಿಡಲಿಲ್ಲ.

"ಕಾವಲು ಕಾಯಾಕ ಅಲ್ಲ ವಾಣಿ," ಅವನಂದ. "ಓಡೋ ಆಸೆ ನಿಂದು ಅಂದ್ರೆ ಮನೆ ಮನೆಯಾಗೆ ನಿನ್ನ ಮಾತೇ ಆಗ್ತಿತ್ತು. ಮಗು ಬಿಟ್ಟು ಸೊಸೆ ರಸ್ತೆಯಾಗೆ ಓಡ್ತಾಳ ಅಂತಿದ್ರು. ಹುಚ್ಚು ನಂದು ಅಂದ್ರೆ ನಕ್ಕು ಸುಮ್ನಾಗ್ತಾರ. ಅದಕ್ಕೇ ಅವ್ವಗೂ ಹಂಗೇ ಹೇಳ್ದೆ. ಹೇಳಿದ ಮೇಲೆ ಓಡಬೇಕಾತು."

ವಾಣಿಯ ಕೈ ನಿಂತಿತು. ಆ ಕಿರಗುಡುವ ಗಾಡಿ, ಐಸ್‌ಕ್ಯಾಂಡಿ ಮಾತು, ಗೋಡೆಗಂಟಿಸಿದ ಆ ಫೋಟೋ. ಊರು ನಗಬೇಕಾದದ್ದನ್ನೆಲ್ಲ ಈ ಮನುಷ್ಯ ತನ್ನ ಮೇಲೆ ಹಾಕಿಕೊಂಡು, ನಗಿಸುತ್ತಾ ಓಡಿದ್ದ.

"ನನಗಾದ್ರೂ ಹೇಳಬಾರದಾ?"

"ಹೇಳಿದ್ರೆ ಅವತ್ತೇ ಹೋಗಿ ಎಲ್ಲರ ಜೊತೆ ಜಗಳ ತೆಗೀತಿದ್ದಿ."

ತೆಗೆಯುತ್ತಿದ್ದಳು, ನಿಜ. ಅದು ನಿಜವಾದದ್ದಕ್ಕೇ ಅವಳಿಗೆ ಮತ್ತೆ ಸಿಟ್ಟು ಬಂತು. ಕಣ್ಣೂ ತುಂಬಿತು.

"ಸೇತುವೆ ಮೇಲೆ ನಿಮ್ಮನ್ನೇ ಹುಡುಕ್ತಿದ್ದೆ," ಅಂದಳು, ಅವನ ಪಾದಕ್ಕೆ ಹೇಳಿದ ಹಾಗೆ. "ಅದಕ್ಕೇ ಎರಡನೇ ಸ್ಥಾನ ಹೋತು."

"ಅಂದ್ರೆ, ನಾನು ಬರದೇ ಇದ್ರೂ ತಪ್ಪು ನಂದೇ?"

"ನಿಮ್ದೇ. ಇಷ್ಟು ಹಚ್ಚಿಕೊಳ್ಳೋ ಹಂಗೆ ಮಾಡಿ ಇಟ್ಟೋರು ಯಾರು?"

ಬಕ್ಕೇಶ ನಗಲಿಲ್ಲ. ಬಗ್ಗಿ, ಬೆವರಿಗೆ ಹಣೆಗಂಟಿದ ಅವಳ ಕೂದಲನ್ನು ಒಂದೇ ಬೆರಳಿನಿಂದ ಕಿವಿಯ ಹಿಂದೆ ಸರಿಸಿದ. ಗುಡಿಗೆ ಬಂದವರು ನೋಡುತ್ತಿದ್ದರು. ನೋಡಿದರೆ ನೋಡಲಿ ಅಂತ ವಾಣಿ ಕರ್ಚೀಫನ್ನು ಅವನ ಪಾದಕ್ಕೆ ಸುತ್ತಿ ಕಟ್ಟಿದಳು.

ಮನೆಗೆ ಬಂದ ಮೇಲೆ ಶೂ ಕೂಡ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಹೇಳಿದಳು, "ಅತ್ತೆ, ಓಡೋ ಹುಚ್ಚು ಅವರದಲ್ಲ. ನಂದು."

ಮರುಳಸಿದ್ದಮ್ಮ ಕಡಲೆಬೇಳೆ ಆರಿಸುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. "ಗೊತ್ತೈತೆ ಬಿಡವ್ವ. ಇವನು ಹುಡುಗ ಇದ್ದಾಗ ಸಾಲಿ ಗಂಟೆ ಬಾರಿಸಿದ್ರೂ ಓಡ್ದೋನಲ್ಲ. ಈಗ ಒಮ್ಮಿಂದೊಮ್ಮೆ ಓಡ್ತಾನಂದ್ರೆ ನಾನು ನಂಬ್ತೀನಾ?"

"ಮತ್ತೆ ಕೊಟ್ರವ್ವನ ಮುಂದೆ ಹಂಗ್ಯಾಕ ಹೇಳಿದ್ರಿ?"

"ಕೊಟ್ರವ್ವಗೆ ಎಷ್ಟು ಬೇಕೋ ಅಷ್ಟು ಹೇಳ್ದೆ." ಅತ್ತೆ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ಓಣಿಯಾಗೆ ಆಗ್ಲೇ ಸುದ್ದಿ, ಗೆದ್ದಿಯಂತಲ್ಲ. ಮೈಸೂರಿಗೆ ಮಗೂನ ಬಿಟ್ಟು ಹೋಗು, ನಾನು ನೋಡ್ಕಂತೀನಿ. ಅತ್ರೆ ಅಳ್ಳಿ. ಇವನೂ ಜೊತಿಗೆ ಕೂತು ಅಳ್ಳಿ."

ಬಕ್ಕೇಶ ಗಾಡಿಯ ಹಿಡಿಕೆ ಹಿಡಿದುಕೊಂಡು, ತನ್ನನ್ನು ಯಾರೂ ಕೇಳುತ್ತಿಲ್ಲವಲ್ಲ ಅನ್ನುವ ಹಾಗೆ ಇಬ್ಬರ ಮುಖವನ್ನೂ ನೋಡಿದ.

ಮರುದಿನ ಇನ್ನೂ ನಸುಕಿತ್ತು. ವಾಣಿ ಸದ್ದಾಗದಂತೆ ಎದ್ದು ಶೂ ಹಾಕಿಕೊಂಡಳು. ಪಾದಕ್ಕೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಬಕ್ಕೇಶ ಒಂದು ಕಣ್ಣು ತೆರೆದ.

"ನಾನೂ ಬರ್ಲಾ?"

"ಬ್ಯಾಡ. ಆ ಕಾಲಿಟ್ಕಂಡು ಏನು ಓಡ್ತೀರಿ, ಮಲಗ್ರಿ."

"ಆಯ್ತು."

ಅವಳು ಬಾಗಿಲು ತೆಗೆದಳು. ಅಂಗಳದವರೆಗೆ ಹೋದಳು. ಅಲ್ಲಿ ನಿಂತು, ತನ್ನ ಮೇಲೆ ತನಗೇ ರೇಗಿಕೊಂಡು, ತಿರುಗಿ ಬಂದು ಬಾಗಿಲಲ್ಲಿ ಇಣುಕಿದಳು.

"ರೀ. ಓಡಾಕ ಅಲ್ಲ. ಸುಮ್ನೆ ಬಂದು ಕೂಡ್ರಿ."

ಬಕ್ಕೇಶ ಆಗಲೇ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ಎಲ್ಲಿ ಕೂಡ್ಲಿ?"

"ಎಲ್ಲಿಂದ ನೋಡಿದ್ರೆ ನಾನು ಪೂರ್ತಿ ಕಾಣ್ತೀನೋ, ಅಲ್ಲಿ."